ಯಾವ ತೋಟಕ್ಕೆ ಹೋಗಿ ಕಲಿಯೋಣ? ಶಿರಸಿಯಿಂದ ಕಾರವಾರದವರೆಗಿನ ಸಾವಯವ ಜಾಗಗಳ ಹೋಲಿಕೆ

ಸಾವಯವ ಬೇಸಾಯವನ್ನು ಕಣ್ಣಾರೆ ನೋಡಿ ಕಲಿಯಬೇಕು ಎಂದು ಹೊರಟವರಿಗೆ ನಮ್ಮ ಉತ್ತರ ಕನ್ನಡದಲ್ಲಿ ಜಾಗಕ್ಕೆ ಬರವಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ತೋಟಗಳಿವೆ. ಕುಮಟಾ, ಅಂಕೋಲಾದಲ್ಲಿ ತರಕಾರಿ ಗದ್ದೆಗಳಿವೆ. ಅಘನಾಶಿನಿ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ, ಅಂದರೆ ಉಪ್ಪುನೀರು ಬರುವ ಗದ್ದೆ ಇದೆ. ಜೋಯಿಡಾದಲ್ಲಿ ಗೆಡ್ಡೆ ಗೆಣಸು ಇದೆ. ಇದರ ಮೇಲೆ ಕೃಷಿ ವಿಜ್ಞಾನ ಕೇಂದ್ರ, ಹೋಮ್‌ಸ್ಟೇ ತೋಟಗಳು ಬೇರೆ. ಕಷ್ಟ ಇರುವುದು ಆರಿಸುವುದರಲ್ಲಿ. ರಜೆ ಮಾಡಿಕೊಂಡು, ಘಟ್ಟ ಹತ್ತಿ, ಹೆಸರಾದ ತೋಟವೊಂದನ್ನು ನೋಡಿ, ಫೋಟೊ ತೆಗೆದುಕೊಂಡು ಬರುತ್ತೀರಿ. ಮನೆಗೆ ಬಂದು ಕೈಯಲ್ಲಿ ಗುದ್ದಲಿ ಹಿಡಿದಾಗ, ಅಲ್ಲಿ ಕಂಡದ್ದು ಯಾವುದೂ ನಿಮ್ಮ ಹಿತ್ತಲಿಗೆ ಹೊಂದುವುದಿಲ್ಲ.

ಹಾಗಾಗಬಾರದು ಎಂದರೆ ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ತೋಟದ ಹಿಂದೆ ಏನಿದೆ? ಗೊಬ್ಬರ ಎಲ್ಲಿಂದ ಬರುತ್ತದೆ, ನೀರು ಯಾರ ಪುಣ್ಯ, ಕೆಲಸ ಯಾರ ಕೈಯದು, ಖರ್ಚು ತುಂಬುವುದು ಯಾವ ದುಡ್ಡು? ಪ್ರತಿ ಜಾಗದ ಹಿಂದೆಯೂ ಇಂಥ ಒಂದು ಆಸರೆ ಇರುತ್ತದೆ. ಅದೇ ಆಸರೆ ನಿಮಗೂ ಇದ್ದರೆ ಅಲ್ಲಿ ಕಲಿತದ್ದು ನಿಮಗೆ ಹತ್ತುತ್ತದೆ. ಇಲ್ಲದಿದ್ದರೆ ಆ ತೋಟ ನೋಡಲು ಚೆಂದ, ಅಷ್ಟೆ. ನಾನು ಇಲ್ಲಿ ಎಲ್ಲವನ್ನೂ ಈ ಕಣ್ಣಿನಿಂದಲೇ ಹೋಲಿಸುತ್ತೇನೆ.

ಘಟ್ಟದ ಮೇಲಿನ ಅಡಿಕೆ ತೋಟ

ಸಾವಯವ ತೋಟ ಎಂದರೆ ಹೆಚ್ಚಿನವರ ಮನಸ್ಸಿಗೆ ಮೊದಲು ಬರುವುದು ಇದೇ. ಎತ್ತರಕ್ಕೆ ಅಡಿಕೆ ಮರ. ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ನಡುವೆ ಬಾಳೆ, ಕೆಳಗೆ ಏಲಕ್ಕಿ, ಬದಿಗೆ ಕೋಕಂ, ಜಾಯಿಕಾಯಿ. ಒಂದೇ ಜಾಗದಲ್ಲಿ ನಾಲ್ಕೈದು ಬೆಳೆಗಳು ಬೆಳಕನ್ನು ಹಂಚಿಕೊಂಡು ಬದುಕುವುದನ್ನು ನೋಡಬೇಕಾದರೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದರ ಹಿಂದೆ ಈ ಕಣಿವೆಗಳ ಹಳೆಯ ಬೇಸಾಯ ಪದ್ಧತಿ ಇದೆ.

ಆದರೆ ಈ ತೋಟದ ಆಸರೆ ತೋಟದೊಳಗೆ ಕಾಣುವುದಿಲ್ಲ. ಅದು ಬೇಲಿಯ ಆಚೆ, ಗುಡ್ಡದ ಮೇಲೆ ಇದೆ. ಅದನ್ನು ಸೊಪ್ಪಿನ ಬೆಟ್ಟ ಎನ್ನುತ್ತೇವೆ. ಬ್ರಿಟಿಷರ ಕಾಲದಿಂದ ಇಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಇದೆ. ಅಲ್ಲಿಂದ ಹಸಿ ಸೊಪ್ಪು ಬರುತ್ತದೆ, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ ಬರುತ್ತದೆ. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗುತ್ತದೆ. ಸೆಗಣಿ ಗಂಜಲ ಸೇರಿ ಗೊಬ್ಬರ ಗುಂಡಿಗೆ ಹೋಗುತ್ತದೆ. ಕೊಳೆತು ಕಪ್ಪಾದ ಮೇಲೆ ಮರದ ಬುಡಕ್ಕೆ ಬರುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ಗಾತ್ರ ಗೊತ್ತಾಗುತ್ತದೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೊ ಹಸಿ ಸೊಪ್ಪು, 12 ಕಿಲೊ ಗೊಬ್ಬರ ಎಂದು ಶಿಫಾರಸು ಇದೆ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 500ಕ್ಕಿಂತ ಜಾಸ್ತಿ ಮರ. ಅಂದರೆ ಎಕರೆಗೆ ಆರು ಟನ್ ಸೊಪ್ಪು, ಆರು ಟನ್ ಗೊಬ್ಬರ. ಕಾರವಾರದಲ್ಲಿ ಹತ್ತು ಗುಂಟೆ ಜಾಗ ಇಟ್ಟುಕೊಂಡು, ಬೆಟ್ಟವೂ ಇಲ್ಲದೆ ದನವೂ ಇಲ್ಲದೆ, ಇದನ್ನೇ ಮಾಡುತ್ತೇನೆ ಎಂದು ಹೊರಟರೆ ಗೊಬ್ಬರವನ್ನು ಲಾರಿಯಲ್ಲಿ ತರಿಸಬೇಕಾಗುತ್ತದೆ. ಅದಕ್ಕೇ ಇಂಥ ತೋಟಕ್ಕೆ ಹೋದಾಗ ಮರ ನೋಡಿ ತಲೆ ಎತ್ತುವ ಮುಂಚೆ "ಬೆಟ್ಟ ಎಷ್ಟಿದ್ದು ಹೆಗಡೇರೇ? ಕೊಟ್ಟಿಗೆ ತೋರಿಸ್ತೀರಾ?" ಎಂದು ಕೇಳಿ. ಯಜಮಾನರ ಮುಖ ಅರಳುತ್ತದೆ. ಆಮೇಲೆ ಮಾತು ತಾನಾಗಿ ಹರಿಯುತ್ತದೆ.

ಇಲ್ಲಿ ಕಲಿಯಲೇಬೇಕಾದ ಇನ್ನೊಂದು ವಿಷಯ ನೀರು ಹೊರಹಾಕುವುದು. ಬಯಲುಸೀಮೆಯ ವಿಡಿಯೊಗಳೆಲ್ಲ ನೀರು ಹಿಡಿದಿಡುವುದನ್ನು ಕಲಿಸುತ್ತವೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರು ಉಸಿರಾಡಲು ಜಾಗ ಮಾಡಿಕೊಡುವುದೇ ದೊಡ್ಡ ಕೆಲಸ. ಮರಗಳ ಸಾಲಿನ ನಡುವೆ ಹೋಗುವ ಬಸಿಗಾಲುವೆಯನ್ನು ಗಮನಿಸಿ. ಎಷ್ಟು ಆಳ, ಯಾವ ಕಡೆಗೆ ಇಳಿಜಾರು, ಮಣ್ಣು ಕೊಚ್ಚಿ ಹೋಗದ ಹಾಗೆ ಅದರ ಬದಿ ಹೇಗೆ ಕಟ್ಟಿದ್ದಾರೆ, ಕಾಲುವೆಗೆ ಬಿದ್ದ ಹೂಳನ್ನು ಯಾವಾಗ ಎತ್ತಿ ಬುಡಕ್ಕೆ ಹಾಕುತ್ತಾರೆ. ಇದೆಲ್ಲ ಹತ್ತು ಗುಂಟೆಯವರಿಗೂ ಬೇಕಾದ ವಿದ್ಯೆ. ಸೋಗೆ, ಹಾಳೆಗಳನ್ನು ಬುಡಕ್ಕೆ ಮುಚ್ಚಿಗೆಯಾಗಿ ಹಾಕುವ ರೀತಿಯನ್ನೂ ಹಾಗೇ ತೆಗೆದುಕೊಂಡು ಬರಬಹುದು.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಮಾತು ಬಂದೇ ಬರುತ್ತದೆ. ಹೆಚ್ಚಿನ ತೋಟಗಳಲ್ಲಿ ಮಳೆ ಶುರುವಾಗುವಾಗ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಸರಿಯಾಯಿತೋ ಇಲ್ಲವೋ ನೋಡಲು ಹೊಳೆಯುವ ಕಬ್ಬಿಣದ ಚಾಕು ಅದ್ದುತ್ತಾರೆ. ಅದರ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ತಾಮ್ರದ ಮದ್ದು ಹೊಡೆದರೆ ಅದು ಸಾವಯವವೇ ಎಂದು ನೀವು ಕೇಳಬಹುದು. ಸಾವಯವ ಪ್ರಮಾಣೀಕರಣದ ನಿಯಮದಲ್ಲಿ ಬೋರ್ಡೋಗೆ ಮಿತಿಯೊಳಗೆ ಅವಕಾಶ ಇದೆ. ಕೆಲವರು ಅದನ್ನೂ ಬಿಟ್ಟು ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ ಕಟ್ಟುತ್ತಾರೆ. ಕೊಟ್ಟೆ ಕಟ್ಟಲು ಮರ ಹತ್ತುವವರು ಬೇಕು, ಅಂಥವರು ಸಿಗುವುದು ಈಗ ಬಹಳ ಕಷ್ಟ. ಎರಡೂ ಬಗೆಯ ತೋಟ ನೋಡಿದರೆ ಒಳ್ಳೆಯದು. ಯಾರದು ಶುದ್ಧ ಎಂದು ತೂಗುವುದಕ್ಕಿಂತ ಯಾರು ಯಾವ ಕಾರಣಕ್ಕೆ ಏನು ಆರಿಸಿದರು ಎಂದು ತಿಳಿಯುವುದರಿಂದ ನಮಗೆ ಲಾಭ ಜಾಸ್ತಿ.

ಕಾಳುಮೆಣಸಿನ ಸೊರಗು ರೋಗಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೇವಿನ ಹಿಂಡಿ, ಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಕೊಡುವುದನ್ನು ಇಲ್ಲೇ ನೋಡಿ ಕಲಿಯಬಹುದು. ಮನೆಯ ಮುಂದೆ ಒಂದೆರಡು ಬಳ್ಳಿ ಇರುವವರಿಗೂ ಅದು ಉಪಯೋಗ.

ಮನೆಯ ಹಿತ್ತಲು

ನನ್ನನ್ನು ಕೇಳಿದರೆ ಹೊಸಬರು ಮೊದಲು ಹೋಗಬೇಕಾದದ್ದು ಇಲ್ಲಿಗೆ. ಅಡಿಕೆ ತೋಟ ನೋಡಲು ಹೋದವರು ಹಿತ್ತಲನ್ನು ದಾಟಿಕೊಂಡೇ ಹೋಗುತ್ತಾರೆ, ನಿಲ್ಲುವುದಿಲ್ಲ. ಯಜಮಾನರು ತೋಟ ತೋರಿಸುತ್ತಾರೆ. ಹಿತ್ತಲು ತೋರಿಸಬೇಕಾದವರು ಒಳಗೆ ಆಸರಿಗೆಗೆ ಪಾನಕ ಮಾಡುತ್ತಿರುತ್ತಾರೆ. ಅವರನ್ನು ಕರೆದು ಕೇಳಬೇಕು.

ಹಿತ್ತಲಿನ ಆಸರೆ ಬಹಳ ಸಣ್ಣದು. ಅಡುಗೆಮನೆಯ ನೀರು, ಒಲೆಯ ಬೂದಿ, ಸಿಪ್ಪೆ ಸೊಪ್ಪು, ಒಂದೆರಡು ಬುಟ್ಟಿ ಗೊಬ್ಬರ. ಇದರ ಮೇಲೆ ದಿನಕ್ಕೆ ಎರಡು ಸಲ ಅಲ್ಲಿ ಓಡಾಡುವ ಒಬ್ಬ ಹೆಂಗಸಿನ ಕಣ್ಣು. ಇಷ್ಟು ಯಾರಿಗಾದರೂ ಹೊಂದಿಸಲು ಆಗುತ್ತದೆ, ಅಲ್ವಾ? ಪೇಟೆಯ ಮನೆಯವರಿಗೂ ಆಗುತ್ತದೆ.

ಇಷ್ಟರಲ್ಲೇ ಎಷ್ಟು ಬೆಳೆಯುತ್ತದೆ ನೋಡಿ. ಬಸಳೆ ಚಪ್ಪರ, ತೊಂಡೆ ಬಳ್ಳಿ, ಹೀರೆ, ಹಾಗಲ, ಮೊಗೆಕಾಯಿ, ಅಲಸಂದೆ, ಬೆಂಡೆ, ಹರಿವೆ, ಕೆಸು, ಸುವರ್ಣಗೆಡ್ಡೆ, ತಂಬುಳಿಗೆ ಒಂದೆಲಗ. ಯಾವ ಗಿಡ ಬಚ್ಚಲ ನೀರು ಹರಿಯುವ ಕಡೆ ಇದೆ, ಯಾವುದು ಗೋಡೆಯ ಬೆಚ್ಚಗಿನ ಬದಿಗೆ ಇದೆ, ಯಾವುದು ಮಳೆಗಾಲದಲ್ಲಿ ಏರಿಯ ಮೇಲೆ ಇದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ನಕಾಶೆಯಲ್ಲಿ ಎಷ್ಟೋ ವರ್ಷದ ತಿಳುವಳಿಕೆ ಇರುತ್ತದೆ. ಮಳೆಗಾಲದ ಬಳ್ಳಿಗಳ ಬೀಜವನ್ನು ಮೇ ಕೊನೆಗೆ, ಮೊದಲ ಮಳೆಯ ಆಸುಪಾಸು ಹಾಕುತ್ತಾರೆ. ದೊಡ್ಡ ಮಳೆ ಹಿಡಿಯುವ ಹೊತ್ತಿಗೆ ಬಳ್ಳಿ ಚಪ್ಪರ ಮುಟ್ಟಿರಬೇಕು. ತಡವಾದರೆ ಎಳೆ ಸಸಿ ನೆಲದಲ್ಲೇ ಕೊಳೆಯುತ್ತದೆ. ಇದು ಪ್ಯಾಕೆಟ್ ಮೇಲೆ ಬರೆದಿರುವುದಿಲ್ಲ.

ಬೀಜ ಇಡುವ ಕ್ರಮ ಇನ್ನೊಂದು ಪಾಠ. ಬಳ್ಳಿಯ ಮೊದಲ ಹಣ್ಣನ್ನೋ ಕೊನೆಯ ಹಣ್ಣನ್ನೋ, ಚೆನ್ನಾಗಿ ಬೆಳೆದ ಯಾವ ಹಣ್ಣನ್ನು ಬೀಜಕ್ಕೆ ಬಿಡಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬೂದಿ ಬೆರೆಸಿ ಒಣಗಿಸುವುದು, ಒಲೆಯ ಹೊಗೆ ತಾಗುವ ಕಡೆ ಕಟ್ಟಿಡುವುದು, ಮೊಗೆಕಾಯಿಯನ್ನು ಬಾಳೆ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕುವುದು, ಇದನ್ನೆಲ್ಲ ನೋಡಿಯೇ ತಿಳಿಯಬೇಕು. "ತಂಗೀ, ಬೀಜ ಕೊಡ್ತೆ, ಆದ್ರೆ ಮುಂದಿನ ವರ್ಷ ನೀನೂ ಯಾರಿಗಾದ್ರೂ ಕೊಡಕು" ಎಂದು ಹೇಳಿ ಕೈಗೆ ಪೊಟ್ಟಣ ಇಡುವ ಅಮ್ಮಂದಿರು ಈ ಸೀಮೆಯಲ್ಲಿ ಈಗಲೂ ಇದ್ದಾರೆ. ಆ ಮಾತನ್ನು ಉಳಿಸಿಕೊಳ್ಳಬೇಕು.

ಪರಿಚಯದ ಮನೆ ಇಲ್ಲದವರಿಗೆ ದಾರಿ ಇದೆ. ಶಿರಸಿ ಸುತ್ತ 2001ರಿಂದ ಕೆಲಸ ಮಾಡುತ್ತಿರುವ ವನಸ್ತ್ರೀ ಎಂಬ ಬಳಗ ಹಿತ್ತಲು ಮತ್ತು ದೇಸಿ ತರಕಾರಿ ಬೀಜ ಉಳಿಸುವ ಹೆಂಗಸರದ್ದು. ಬೀಜದ ಮೇಳಗಳನ್ನೂ ನಡೆಸಿಕೊಂಡು ಬಂದಿದೆ. ಮೇಳಕ್ಕೆ ಹೋದರೆ ಒಂದೇ ದಿನ ಹತ್ತಾರು ಹಿತ್ತಲಿನವರ ಪರಿಚಯ ಆಗುತ್ತದೆ. ಅಲ್ಲಿಂದ ಒಬ್ಬರ ಮನೆಗೆ ಹೋಗುವುದು ಸುಲಭ.

ಘಟ್ಟದ ಕೆಳಗಿನ ಗದ್ದೆ

ಕಾರವಾರ, ಅಂಕೋಲಾ, ಕುಮಟಾದವರಿಗೆ ಘಟ್ಟದ ಪಾಠ ಅರ್ಧ ಮಾತ್ರ ಹೊಂದುತ್ತದೆ. ಇಲ್ಲಿಯ ಮಣ್ಣು ಬೇರೆ. ಸಮುದ್ರದ ಕಡೆ ಮರಳು, ಗುಡ್ಡದ ಕಡೆ ಕೆಂಪು ಜಂಬಿಟ್ಟಿಗೆ. ಬಿಸಿಲು ಜಾಸ್ತಿ. ದಂಡೆಯ ಹತ್ತಿರ ಬೇಸಿಗೆಗೆ ಬಾವಿ ನೀರು ಉಪ್ಪಾಗುವ ಭಯ. ಹೀಗಾಗಿ ಹತ್ತಿರದ ಊರಿನಲ್ಲೇ ಗುರು ಹುಡುಕಬೇಕು.

ಅಂಕೋಲಾ, ಕುಮಟಾದ ಹಾಲಕ್ಕಿ ಒಕ್ಕಲಿಗರ ತರಕಾರಿ ಗದ್ದೆಗಳು ನನಗೆ ಬಹಳ ಇಷ್ಟ. ಭತ್ತ ಕೊಯ್ದ ಮೇಲೆ, ನವೆಂಬರ್ ದಾಟುತ್ತಿದ್ದ ಹಾಗೆ ಅದೇ ಗದ್ದೆಯಲ್ಲಿ ಹರಿವೆ, ಬದನೆ, ಮೂಲಂಗಿ, ಬಸಳೆ, ಮೆಣಸು ಏಳುತ್ತವೆ. ಚಿಕ್ಕ ಚಿಕ್ಕ ಮಡಿ. ಪಕ್ಕದಲ್ಲಿ ತೆರೆದ ಬಾವಿ. ಮಡಿಯ ಅಗಲ ಕೈ ಚಾಚಿದರೆ ನಡುವಿಗೆ ತಲುಪುವಷ್ಟೇ. ಗದ್ದೆ ಕೆಲಸವನ್ನು ಹೆಂಗಸರೇ ನಡೆಸುವುದು ಜಾಸ್ತಿ. ಮಾರುವುದೂ ಅವರೇ. ಅವರನ್ನು ಹುಡುಕಲು ಊರೂರು ಅಲೆಯಬೇಕಿಲ್ಲ. ಕಾರವಾರದ ಭಾನುವಾರದ ಸಂತೆಗೆ ಬೆಳಿಗ್ಗೆ ಹೋಗಿ. ಬುಟ್ಟಿಯಲ್ಲಿ ಸೊಪ್ಪು ಇಟ್ಟುಕೊಂಡು ಕೂತವರ ಹತ್ತಿರ ವ್ಯಾಪಾರ ಮಾಡಿ, "ಅಕ್ಕಾ, ಇದು ನಿಮ್ಮ ಗದ್ದೇದಾ? ಒಂದ್ಸಲ ಬಂದು ನೋಡಬಹುದಾ?" ಎಂದು ಕೇಳಿ. ಕೆಲವು ವಾರ ಅವರಲ್ಲೇ ಕೊಂಡುಕೊಂಡವರಿಗೆ ಇಲ್ಲ ಎನ್ನುವವರು ಕಡಿಮೆ.

ಇದೇ ಸಮುದಾಯದ ತುಳಸಿ ಗೌಡರು ಅಂಕೋಲಾ ತಾಲೂಕಿನ ಹೊನ್ನಳ್ಳಿಯವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನವಿಡೀ ಸಸಿ ಬೆಳೆಸಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದು ಶಾಲೆಗೆ ಹೋಗದ ಅವರಿಗೆ ಕೈಯಲ್ಲೇ ಇತ್ತು. 2020ರ ಪದ್ಮಶ್ರೀ ಅವರಿಗೆ ಬಂತು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥ ಕೈಗಳು ಗದ್ದೆಗಳಲ್ಲಿ ಇನ್ನೂ ಇರುವಾಗಲೇ ಹೋಗಿ ಕಲಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಕುಮಟಾದ ಅಳ್ವೇಕೋಡಿ, ವನ್ನಳ್ಳಿ, ಹಂದಿಗೋಣ ಕಡೆಯ ಸಿಹಿ ಈರುಳ್ಳಿಯನ್ನೂ ನೋಡಬೇಕು. ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಹೆಣೆದು ತೂಗುಹಾಕಿರುತ್ತಾರಲ್ಲ, ಅದೇ. ಮರಳು ಮಿಶ್ರಿತ ನೆಲದಲ್ಲಿ ತೇವ ಉಳಿಸುವುದು ಹೇಗೆ ಎಂದು ಇಲ್ಲಿ ತಿಳಿಯುತ್ತದೆ. ಮರಳು ನೆಲಕ್ಕೆ ಒಮ್ಮೆಗೇ ಬಹಳ ಗೊಬ್ಬರ ಹಾಕಿದರೆ ಸಾರ ತಳಕ್ಕೆ ಇಳಿದುಹೋಗುತ್ತದೆ. ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಕೊಡಬೇಕು. ಒಂದು ಮಾತು ನೆನಪಿಡಿ. ಕರಾವಳಿಯ ಎಲ್ಲ ಗದ್ದೆಗಳೂ ಸಾವಯವ ಅಲ್ಲ. ಯೂರಿಯಾ ಬಳಸುವವರೂ ಇದ್ದಾರೆ. ನಯವಾಗಿ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಅಂಥವರಲ್ಲೂ ಮಡಿ ಕಟ್ಟುವುದು, ಬೀಜ ಆರಿಸುವುದು, ನೀರು ಹಾಕುವುದನ್ನು ಕಲಿಯಬಹುದು. ಗೊಬ್ಬರದ ಪಾಠ ಇನ್ನೊಬ್ಬರಲ್ಲಿ ಕಲಿತರಾಯಿತು.

ಗಜನಿ ಮತ್ತು ಜೋಯಿಡಾ

ಇವೆರಡೂ ವಿಶೇಷ ಜಾಗಗಳು, ಎಲ್ಲರಿಗೂ ಅಲ್ಲ. ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತಿನ ಗಜನಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ತಡೆಯುವ ತಳಿ. ಮಳೆ ಬಂದು ಉಪ್ಪು ತೊಳೆದ ಮೇಲೆ ಬಿತ್ತನೆ. ಮಳೆಗಾಲ ಮುಗಿದು ಕೊಯ್ಲಾದ ಮೇಲೆ ಅದೇ ಜಾಗಕ್ಕೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ. ಇಲ್ಲಿ ಗೊಬ್ಬರ ಹಾಕುವುದು ಹೊಳೆ. ದೊಡ್ಡ ಅಣೆಕಟ್ಟು ಇಲ್ಲದ ಅಘನಾಶಿನಿ ಪ್ರತಿ ವರ್ಷ ಹೊಸ ಮೆಕ್ಕಲು ತಂದು ಹಾಕುತ್ತದೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನಿಮ್ಮ ಜಮೀನು ಕಾಳಿ, ಗಂಗಾವಳಿ, ಶರಾವತಿಯ ಅಳಿವೆಯ ಪಕ್ಕ ಇದ್ದು ಉಪ್ಪಿನ ತೊಂದರೆ ಇದ್ದರೆ ಕಣ್ಣು ಮುಚ್ಚಿ ಇಲ್ಲಿಗೆ ಹೋಗಿ. ಬೇರೆ ಯಾರೂ ನಿಮಗೆ ಇದನ್ನು ಕಲಿಸಲಾರರು. ಒಬ್ಬರೇ ಮಾಡುವ ಬೇಸಾಯ ಇದಲ್ಲ, ಕಟ್ಟೆ ಕಾಯುವುದು, ನೀರು ಬಿಡುವುದು ಊರು ಸೇರಿ ಆಗಬೇಕು ಎಂಬುದೂ ಅಲ್ಲಿಗೆ ಹೋದರೆ ಅರ್ಥವಾಗುತ್ತದೆ.

ಜೋಯಿಡಾದ ಕುಣಬಿ ಸಮುದಾಯದವರು ಕಾಡಿನ ಅಂಚಿನಲ್ಲಿ ಬಗೆಬಗೆಯ ಗೆಡ್ಡೆ ಗೆಣಸು ಬೆಳೆಯುತ್ತಾರೆ. ಅಲ್ಲಿ ಗೆಡ್ಡೆ ಗೆಣಸಿನ ಮೇಳವೂ ನಡೆಯುತ್ತದೆ. ಮೊದಲ ಮಳೆಗೆ ನೆಟ್ಟು ಚಳಿಗಾಲದಲ್ಲಿ ಕಿತ್ತರೆ ಆಯಿತು, ಬೇಸಿಗೆಯ ನೀರು ಬೇಡ. ಬಾವಿ ಇಲ್ಲದ ಜಾಗ, ವಾರಕ್ಕೊಮ್ಮೆ ಮಾತ್ರ ಹೋಗಲು ಆಗುವ ಜಾಗ ಇರುವವರಿಗೆ ಇದಕ್ಕಿಂತ ಹೊಂದುವ ಬೆಳೆ ಇಲ್ಲ. ಹಂದಿ, ಮುಳ್ಳುಹಂದಿ ಕಾಯುವುದು ಹೇಗೆ ಎಂದು ಮಾತ್ರ ತಪ್ಪದೆ ಕೇಳಿ ಬನ್ನಿ.

ಸರ್ಕಾರಿ ಕೇಂದ್ರ, ಹೋಮ್‌ಸ್ಟೇ

ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿನ ಕೃಷಿ ವಿಜ್ಞಾನ ಕೇಂದ್ರ ಇದೆ. ತೋಟಗಾರಿಕೆ ಕಾಲೇಜು ಇದೆ, ಅರಣ್ಯ ಕಾಲೇಜೂ ಇದೆ. ಇಲ್ಲಿ ಕಲಿಯುವುದು ಬೇರೆ ತರಹ. ಪ್ರಾತ್ಯಕ್ಷಿಕೆ ತಾಕುಗಳಲ್ಲಿ ಒಂದೇ ಬೆಳೆಯ ಬೇರೆ ಬೇರೆ ತಳಿ, ಬೇರೆ ಬೇರೆ ಪದ್ಧತಿ ಅಕ್ಕಪಕ್ಕ ಇರುತ್ತವೆ. ಎರೆಗೊಬ್ಬರ, ಕಸಿ ಕಟ್ಟುವುದು, ಟ್ರೈಕೋಡರ್ಮಾ ಬಳಕೆ ಇಂಥ ಒಂದೊಂದು ಕೈಕೆಲಸವನ್ನು ತರಬೇತಿಯಲ್ಲಿ ಕೂತು ಸರಿಯಾಗಿ ಕಲಿಯಬಹುದು. ಮಣ್ಣು ಪರೀಕ್ಷೆ ಮಾಡಿಸುವುದನ್ನು ಬಿಡಬೇಡಿ. ನಮ್ಮದು ಮಳೆ ತೊಳೆದ ಹುಳಿ ಮಣ್ಣು. ಸುಣ್ಣ ಎಷ್ಟು ಬೇಕು ಎಂದು ಗೊತ್ತಾಗದೆ ಎಷ್ಟು ಗೊಬ್ಬರ ಸುರಿದರೂ ಪೂರ್ತಿ ಫಲ ಸಿಗುವುದಿಲ್ಲ.

ಇಲ್ಲಿಯ ಕೊರತೆ ಒಂದೇ. ಈ ತಾಕುಗಳ ಹಿಂದೆ ಇರುವುದು ಸರ್ಕಾರದ ದುಡ್ಡು, ಸಂಬಳದ ಕೆಲಸಗಾರರು. ಬೆಳೆ ಹೋದರೂ ಯಾರ ಮನೆಯ ಅನ್ನವೂ ಹೋಗುವುದಿಲ್ಲ. ಹಾಗಾಗಿ ಇದರಲ್ಲಿ ಖರ್ಚು ಹುಟ್ಟುತ್ತದಾ, ಒಬ್ಬರೇ ನಿಭಾಯಿಸಬಹುದಾ ಎಂಬ ಪ್ರಶ್ನೆಗೆ ಉತ್ತರವನ್ನು ರೈತರ ಮನೆಯಲ್ಲೇ ಕೇಳಬೇಕು. ಕೇಂದ್ರದವರನ್ನೇ "ನಮ್ಮ ಕಡೆ ಇದನ್ನು ಮಾಡುತ್ತಿರುವ ರೈತರು ಯಾರಿದ್ದಾರೆ" ಎಂದು ಕೇಳಿದರೆ ಹೆಸರು ಹೇಳುತ್ತಾರೆ. ನನ್ನ ಪ್ರಕಾರ ಅಲ್ಲಿಗೆ ಹೋಗುವುದರ ದೊಡ್ಡ ಲಾಭವೇ ಇದು.

ಹೋಮ್‌ಸ್ಟೇ ತೋಟಗಳು ಶಿರಸಿ, ಯಲ್ಲಾಪುರ, ಗೋಕರ್ಣ ಕಡೆ ಬೇಕಾದಷ್ಟಿವೆ. ಮಕ್ಕಳಿಗೆ ತೋರಿಸಲು, ಊಟದ ರುಚಿಗೆ, ಎರಡು ದಿನ ಮನಸ್ಸು ತಣಿಸಿಕೊಳ್ಳಲು ತುಂಬಾ ಒಳ್ಳೆಯದು. ಕಲಿಯಲು ಹೋಗುವುದಾದರೆ ಮುಂಚೆಯೇ ಹೇಳಿ. "ತೋಟ ತೋರಿಸಿ" ಎಂದರೆ ಅರ್ಧ ತಾಸಿನ ಸುತ್ತಾಟ ಆಗುತ್ತದೆ. "ಬೆಳಿಗ್ಗೆ ನಿಮ್ಮ ಕೆಲಸದವರ ಜೊತೆ ಗೊಬ್ಬರ ಹೊರುತ್ತೇನೆ" ಎಂದರೆ ಬೇರೆಯೇ ಬಾಗಿಲು ತೆರೆಯುತ್ತದೆ. ಕೆಲವು ಕಡೆ ಕೆಲಸ ಮಾಡಿಕೊಟ್ಟು ವಾರಗಟ್ಟಲೆ ಉಳಿಯುವ ವ್ಯವಸ್ಥೆಯೂ ಇದೆ. ಬಿಡುವಿದ್ದವರಿಗೆ ಅದು ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಆದರೆ ಆ ತೋಟದ ಖರ್ಚು ತರಕಾರಿ, ಅಡಿಕೆಯಿಂದ ಹುಟ್ಟುತ್ತದೋ ಅತಿಥಿಗಳ ಬಾಡಿಗೆಯಿಂದಲೋ ಎಂದು ತಿಳಿದುಕೊಂಡೇ ಅಲ್ಲಿಯ ಪದ್ಧತಿಯನ್ನು ನಂಬಿ.

ಫಲಕ ನೋಡಿ ಆರಿಸಬೇಕೇ?

ಪ್ರಮಾಣಪತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಿಡಬೇಕಿಲ್ಲ. ರಫ್ತಿನ ದಾರಿಯ ರಾಷ್ಟ್ರೀಯ ಪ್ರಮಾಣೀಕರಣದಲ್ಲಿ ವಾರ್ಷಿಕ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ ಇದೆ. ಪಿಜಿಎಸ್ ಎಂಬ ಇನ್ನೊಂದು ಪದ್ಧತಿಯಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಕಲಿಯುವವರಿಗೆ ಪಿಜಿಎಸ್ ಗುಂಪು ಸಿಕ್ಕರೆ ಅದೃಷ್ಟ. ಒಂದೇ ಊರಿನಲ್ಲಿ ಐದು ತೋಟ, ಐದು ಬಗೆಯ ಉತ್ತರ. ಪರಿವರ್ತನೆಯ ನಡುವೆ ಇರುವ ತೋಟವನ್ನೂ ತಪ್ಪದೆ ನೋಡಿ. ರಾಸಾಯನಿಕ ಬಿಟ್ಟ ಎರಡನೇ ವರ್ಷ ಇಳುವರಿ ಎಷ್ಟು ಇಳಿಯಿತು, ಮನೆಯವರು ಹೇಗೆ ತಡೆದುಕೊಂಡರು ಎಂಬುದು ಇಪ್ಪತ್ತು ವರ್ಷ ಹಳೆಯ ಸಾವಯವ ತೋಟದಲ್ಲಿ ನೆನಪಾಗಿ ಮಾತ್ರ ಉಳಿದಿರುತ್ತದೆ.

ಯಾವ ಫಲಕ ಇದ್ದರೂ ಇಲ್ಲದಿದ್ದರೂ ಕೇಳಬೇಕಾದದ್ದು ಹೊರಗಿನಿಂದ ತರುವುದೇನು ಎಂದು. ಕೋಳಿ ಗೊಬ್ಬರ, ಬೇವಿನ ಹಿಂಡಿ, ಬೀಜ, ಸಸಿ, ಬಾಟಲಿಯಲ್ಲಿ ಬರುವ ಜೈವಿಕ ಮದ್ದು. ತರುವುದು ತಪ್ಪಲ್ಲ. ಆದರೆ ನಿಮಗೆ ಆ ಖರ್ಚು ಹೊರಲು ಆಗುತ್ತದಾ ನೋಡಿಕೊಳ್ಳಿ. ಜೀವಾಮೃತವೇ ಆಗಲಿ, 10 ಕಿಲೊ ಸೆಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೊ ಬೆಲ್ಲ, 2 ಕಿಲೊ ದ್ವಿದಳ ಹಿಟ್ಟು, ಹಿಡಿ ಮಣ್ಣು, 200 ಲೀಟರ್ ನೀರು ಎಂದು ಹೇಳುವುದು ಸುಲಭ. ಹಸು ಇಲ್ಲದ ಮನೆಯಲ್ಲಿ ಅದರ ಮೊದಲ ಎರಡು ವಸ್ತು ಪ್ರತಿ ಸಲವೂ ಯಾರ ಮನೆಯಿಂದ ಬರಬೇಕು? ಅದನ್ನು ಯೋಚಿಸಬೇಕು.

ಯಾವಾಗ ಹೋಗುವುದು

ಎಲ್ಲರೂ ಡಿಸೆಂಬರ್‌ನಲ್ಲಿ ಹೋಗುತ್ತಾರೆ. ಹವೆ ಚೆಂದ, ರಸ್ತೆ ಚೆಂದ. ಆದರೆ ಘಟ್ಟದ ಮೇಲೆ ಅದು ಅಡಿಕೆ ಗೊನೆ ಕೊಯ್ಯುವ ಕಾಲ. ಮನೆ ಮಂದಿಯೆಲ್ಲ ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲಿ ಮುಳುಗಿರುತ್ತಾರೆ. ಕೈ ಜೋಡಿಸಲು ಸಿದ್ಧ ಇದ್ದರೆ ಹೋಗಿ, ಸುಮ್ನೆ ನೋಡಲು ಬೇಡ. ಕರಾವಳಿಯ ತರಕಾರಿ ಗದ್ದೆಗೆ ಮಾತ್ರ ಡಿಸೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ.

ಅಡಿಕೆ ತೋಟ, ಹಿತ್ತಲಿಗೆ ಮೇ ಕೊನೆಯ ವಾರ ಬಹಳ ಒಳ್ಳೆಯದು. ಕಾಲುವೆ ಬಿಡಿಸುವುದು, ಬೀಜ ಹಾಕುವುದು, ಚಪ್ಪರ ಕಟ್ಟುವುದು, ಮೊದಲ ಮದ್ದಿನ ತಯಾರಿ ಎಲ್ಲ ಒಟ್ಟಿಗೆ ಕಾಣುತ್ತದೆ. ಆಮೇಲೆ ಅದೇ ತೋಟಕ್ಕೆ ಜುಲೈನಲ್ಲಿ ಹೋಗಿ. ಮಳೆ ಜೋರಾಗಿ ಹೊಡೆಯುವಾಗ ನೀರು ಯಾವ ದಾರಿ ಹಿಡಿಯಿತು, ಯಾವ ಗಿಡ ಸೋತಿತು, ಯಾವುದು ನಿಂತಿತು ಎಂದು ಆಗ ಮಾತ್ರ ಗೊತ್ತಾಗುವುದು. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೋದರೆ ನೀರಿನ ಕೊರತೆಯ ಪಾಠವೂ ಆಯಿತು. ನಾಲ್ಕು ತೋಟಗಳನ್ನು ಒಂದೊಂದು ಸಲ ನೋಡುವುದಕ್ಕಿಂತ ಒಂದೇ ತೋಟವನ್ನು ಮೂರು ಕಾಲದಲ್ಲಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮಳೆಗಾಲದ ಪ್ರಯಾಣಕ್ಕೆ ಎಚ್ಚರ ಬೇಕು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು. ದೇವಿಮನೆ, ಅರಬೈಲು, ಅಣಶಿ ಯಾವ ಘಟ್ಟವಾದರೂ ರೆಡ್ ಅಲರ್ಟ್ ಇರುವ ದಿನ ಹೊರಡಬೇಡಿ. ಹಿಂದಿನ ದಿನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿ. ಶಿರಸಿಗೆ ರೈಲಿಲ್ಲ. ಕಾರವಾರದವರು ಕುಮಟಾದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ತೋಟಕ್ಕೆ ಇಳಿಯುವಾಗ ಉಂಬಳಕ್ಕೆ (ಜಿಗಣೆಗೆ) ಉಪ್ಪೋ ಸುಣ್ಣವೋ ಜೊತೆಗಿರಲಿ.

ಡಿಸೆಂಬರ್‌ನಿಂದ ಮೇವರೆಗೆ ಬೆಟ್ಟ, ಕಾಡಿನ ಅಂಚಿಗೆ ಹೋಗುವುದಾದರೆ ಮಂಗನ ಕಾಯಿಲೆಯ ಬಗ್ಗೆ ಮೊದಲೇ ಕೇಳಿ. ಸಿದ್ದಾಪುರ, ಹೊನ್ನಾವರ ತಾಲೂಕಿನ ಕೆಲವು ಕಡೆ ಅದರ ಕಾಟ ಇದೆ. ಉಣುಗಿನಿಂದ ಹರಡುವ ಜ್ವರ ಅದು. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲೇ ಒಗೆಯಿರಿ. ಮಂಗ ಸತ್ತಿರುವ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಇನ್ನು ಆರಿಸೋಣ

ಘಟ್ಟದ ಮೇಲೆ ಪಿತ್ರಾರ್ಜಿತ ತೋಟ ಇದ್ದು, ಪೇಟೆ ಬಿಟ್ಟು ವಾಪಸ್ ಬಂದವರು ನೀವಾದರೆ ದೂರ ಹೋಗಬೇಡಿ. ಅದೇ ಕಣಿವೆಯಲ್ಲಿ, ಅದೇ ಹಳ್ಳದ ನೀರು ಕುಡಿಯುವ ಪಕ್ಕದ ತೋಟದವರೇ ನಿಮ್ಮ ಗುರು. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಅಡಿಕೆಯ ಎಲೆಚುಕ್ಕೆ ರೋಗ, ಕೊಳೆರೋಗದ ಬಗ್ಗೆ ಅವರ ಸಲಹೆಯನ್ನೂ ಕೇಳಿ. ಎಲೆಚುಕ್ಕೆ ಇರುವ ತೋಟದಿಂದ ಸೋಗೆ, ಸಸಿ ಏನನ್ನೂ ಮನೆಗೆ ತರಬೇಡಿ.

ಕಾರವಾರ, ಅಂಕೋಲಾ ಕಡೆ ಐದರಿಂದ ಇಪ್ಪತ್ತು ಗುಂಟೆ ಇದ್ದವರು ಚಳಿಗಾಲಕ್ಕೆ ಅಂಕೋಲಾದ ಗದ್ದೆ, ಮಳೆಗಾಲಕ್ಕೆ ಶಿರಸಿ ಕಡೆಯ ಒಂದು ಹಿತ್ತಲು ಹಿಡಿದುಕೊಳ್ಳಿ. ವರ್ಷವಿಡೀ ತರಕಾರಿ ಬೆಳೆಯಲು ಈ ಜೋಡಿ ಸಾಕು. ಕಾಡಿನ ಪಕ್ಕ ನೀರಿಲ್ಲದ ಜಾಗ ಇದ್ದವರಿಗೆ ಜೋಯಿಡಾ. ಉಪ್ಪುನೀರಿನ ಗದ್ದೆಯವರಿಗೆ ಗಜನಿ.

ಜಮೀನೇ ಇಲ್ಲ, ಇನ್ನು ಕೊಳ್ಳಬೇಕು ಎನ್ನುವವರು ಕೊಳ್ಳುವ ಮುಂಚೆಯೇ ಸುತ್ತಿ. ಅದೂ ಜುಲೈ, ಏಪ್ರಿಲ್ ಎರಡರಲ್ಲೂ. ಎಂಥ ಜಾಗ ಬೇಡ ಎಂದು ತಿಳಿಯುವುದಕ್ಕಾದರೂ ಆ ಅಲೆದಾಟ ಬೇಕು.

ತಾರಸಿಯ ಮೇಲೆ ಕುಂಡ ಇಟ್ಟವರಿಗೆ ಹಿತ್ತಲು ಒಂದೇ ಸಾಕು. ಬಸಳೆ, ತೊಂಡೆಯ ತುಂಡುಗಳನ್ನೂ ಹೀರೆ, ಅಲಸಂದೆಯ ಬೀಜವನ್ನೂ ಕೇಳಿ ತನ್ನಿ. ಬರಿಗೈಲಿ ಹೋಗಬೇಡಿ. ನಿಮ್ಮಲ್ಲಿ ಇರುವ ಯಾವುದಾದರೂ ಬೀಜ, ಒಂದು ದಾಸವಾಳದ ಕಡ್ಡಿ, ಒಂದು ಕಿಲೊ ಬೆಲ್ಲ, ಏನಾದರೂ ಇರಲಿ. ಫೋಟೊ ತೆಗೆಯುವ ಮುಂಚೆ ಕೇಳಿ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ, ಮಧ್ಯಾಹ್ನ ಉಂಡು ಮಲಗುವ ಹೊತ್ತಿಗೆ ಫೋನ್ ಮಾಡಬೇಡಿ. ಸಂಜೆ ಆರರ ಮೇಲೆ ಮಾಡಿದರೆ ಅವರಿಗೂ ಮಾತಾಡಲು ಪುರಸೊತ್ತು ಇರುತ್ತದೆ.